ಯಂತ್ರದೊಳಗೆ ಹರಾಜು ಕೂಗಿದ ಭಾವನಿಗೆ

ಮಾರುಕಟ್ಟೆಯಲ್ಲಿ ಯಾರಿಗೂ ಹೆದರದ, ಮನೆಯಲ್ಲಿ ನನ್ನ ಅಕ್ಕನೊಬ್ಬಳಿಗೆ ಮಾತ್ರ ಹೆದರುವ ಪ್ರೀತಿಯ ಭಾವನವರಿಗೆ,

ನಿಮ್ಮ ಗಾಬರಿ ಭಾಮೈದನ ನಮಸ್ಕಾರಗಳು.

ಎರಡು ಬೀದಿ ಆಚೆ ಇರುವವನು ಕಾಗದ ಯಾಕೆ ಬರೆದ ಎಂದು ನೀವು ಮೊದಲು ನಗುತ್ತೀರಿ. ಆಮೇಲೆ ಅಕ್ಕನನ್ನು ಕರೆದು ತೋರಿಸುತ್ತೀರಿ. ಆಮೇಲೆ ಗಟ್ಟಿಯಾಗಿ ಓದುತ್ತೀರಿ. ಮೆಲ್ಲಗೆ ಓದಿಕೊಳ್ಳಿ ಎಂದು ಬೇಡುವುದರಲ್ಲಿ ಅರ್ಥವಿಲ್ಲ, ನಿಮಗೆ ಅದು ಬರುವುದಿಲ್ಲ. ಎದುರಿಗೇ ಕೂತು ಹೇಳೋಣವೆಂದರೆ, ನಾನು ಎರಡನೇ ಮಾತಿಗೆ ಬರುವ ಹೊತ್ತಿಗೆ ನೀವು ನನ್ನ ಹೆಗಲಿಗೊಂದು ಬಾರಿಸಿ, "ಏನೋ ಗಾಬರಿ, ಇವತ್ತು ಆಕಾಶ ಯಾವ ಕಡೆಯಿಂದ ಬೀಳುತ್ತೆ?" ಎಂದು ಕೇಳಿ, ನಾನು ಹೇಳಬೇಕೆಂದಿದ್ದನ್ನೆಲ್ಲ ನಗೆಯಲ್ಲಿ ಮುಳುಗಿಸಿಬಿಡುತ್ತೀರಿ. ಅದಕ್ಕೇ ಕಾಗದ. ಕಾಗದಕ್ಕೆ ಹೆಗಲಿಲ್ಲ.

ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಶಾಲೆಗೆ ಎರಡು ಸಲ ಸೇರಿ ಮೂರು ಸಲ ಬಿಟ್ಟವನು ಎಂದು ನೀವೇ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೀರಿ. ಲೆಕ್ಕ ಹೊಂದದಿದ್ದರೂ ವಿಷಯ ಸುಳ್ಳಲ್ಲ. ನನಗಿರುವ ಅಕ್ಷರದಲ್ಲಿ ಹೆಚ್ಚಿನ ಪಾಲು ಹಳೆ ಸೋಫಾಗಳ ಹೊಟ್ಟೆಯಿಂದ ಬಂದದ್ದು. ರಿಪೇರಿಗೆ ಬಂದದ್ದನ್ನು ಬಿಚ್ಚಿದರೆ ಒಳಗೆ ತುರುಕಿದ ಹಳೆ ಪೇಪರು ಸಿಗುತ್ತದೆ. ಸುತ್ತಿಗೆ ಕೆಳಗಿಟ್ಟು ಓದುತ್ತೇನೆ. ಯಾರೋ ಯಾವ ಕಾಲದಲ್ಲೋ ಬರೆದ ಆರೋಗ್ಯದ ಅಂಕಣವನ್ನು ಓದಿ, ಆ ಕಾಯಿಲೆ ಈಗಷ್ಟೇ ನನಗೆ ಶುರುವಾಯಿತು ಎಂದು ನಾಡಿ ಹಿಡಿದುಕೊಂಡು ಕೂರುತ್ತೇನೆ. ನನ್ನ ಹೆಂಡತಿ ಈಗೀಗ ಪೇಪರಿರುವ ಸೋಫಾಗಳನ್ನು ತಾನೇ ಮೊದಲು ಬಿಚ್ಚಿ, ಕಾಯಿಲೆಯ ಪುಟಗಳನ್ನು ತೆಗೆದು, ಸಿನಿಮಾದ ಪುಟಗಳನ್ನು ಮಾತ್ರ ನನಗೆ ಬಿಡುತ್ತಾಳೆ.

ಆದರೆ ಭಾವ, ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಗಾಬರಿ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿತ್ತು.

ಆ ಬೆಳಿಗ್ಗೆ ನಿಮ್ಮ ಊಟದ ಮೇಜಿನ ಕುರ್ಚಿಯ ಸೀಟು ಕುಸಿದಿದೆ ಎಂದು ಅಕ್ಕ ಹೇಳಿ ಕಳಿಸಿದ್ದಳು. ನಾನು ಕುರ್ಚಿ ಮಗುಚಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದೆ. ನೀವು ತರಕಾರಿ ಮಾರುಕಟ್ಟೆಯಲ್ಲಿ ದಿನದ ಹರಾಜು ಕೂಗಿ ಮುಗಿಸಿ ಬಂದು, ಕಾಫಿ ಲೋಟ ಹಿಡಿದು, ಯಾರೋ ವ್ಯಾಪಾರಿ ಆಕಳಿಸುತ್ತ ಕೈ ಎತ್ತಿದ್ದನ್ನು ಬೆಲೆ ಏರಿಸಿದ ಎಂದು ತಿಳಿದು ಇಡೀ ಲಾರಿ ಎಲೆಕೋಸನ್ನು ಅವನ ತಲೆಗೆ ಕಟ್ಟಿದ ಕಥೆ ಹೇಳುತ್ತಿದ್ದಿರಿ. ಕಥೆಯ ಅರ್ಧದಲ್ಲಿ ಲೋಟ ಕೈಯಿಂದ ಜಾರಿತು. ಮಾತು ನಿಲ್ಲಲಿಲ್ಲ, ಆದರೆ ಅದು ಮಾತಾಗಿ ಉಳಿದಿರಲಿಲ್ಲ. ನೀರಲ್ಲಿ ನೆನೆದ ರಟ್ಟಿನ ಹಾಗೆ ಕಲಸಿಹೋಗಿತ್ತು. ಅಕ್ಕ ನಕ್ಕಳು. ನೀವು ಆ ವ್ಯಾಪಾರಿಯ ಅಣಕು ಮಾಡುತ್ತಿದ್ದೀರಿ ಎಂದುಕೊಂಡಳು. "ಸಾಕು ನಿಮ್ಮ ನಾಟಕ, ನೆಲ ಒರೆಸೋರು ಯಾರು?" ಎಂದಳು. ನಾನು ಕೆಳಗಿನಿಂದ ನಿಮ್ಮ ಮುಖ ನೋಡಿದೆ. ಬಾಯಿಯ ಒಂದು ಮೂಲೆ ಕೆಲಸ ಬಿಟ್ಟು ಕೂತಿತ್ತು. "ಅಕ್ಕಾ, ಇದು ತಮಾಷೆ ಅಲ್ಲ" ಎಂದು ನಾನು ಕಿರುಚಿದ ದನಿಗೆ ಪಕ್ಕದ ಮನೆಯವರು ಓಡಿಬಂದರು.

ಟ್ಯಾಕ್ಸಿ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ನಿಮ್ಮ ಮಾತು ಮರಳಿ ಬಂತು. ಬಂದ ಮೊದಲ ಮಾತು ಏನು, ನೆನಪಿದೆಯಾ? "ಇವನು ಸುತ್ತಿಸಿಕೊಂಡು ಬಂದ ಕಣೋ, ಸಂತೆ ಬೀದಿ ಹಿಡಿದಿದ್ರೆ ಆಗಲೇ ತಲುಪ್ತಿದ್ವಿ." ಅಕ್ಕ ಅಳುತ್ತಲೇ ನಿಮ್ಮ ತೊಡೆಗೊಂದು ಗಿಲ್ಲಿದಳು. ಮಾತು ಬಂದಿದೆ ಎನ್ನುವುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕುತ್ತಿಗೆಯ ಎಡಗಡೆಯ ರಕ್ತನಾಳದೊಳಗೆ ಕೊಬ್ಬು ಕಟ್ಟಿಕೊಂಡಿದೆ, ಅದರ ಚೂರೊಂದು ಮೆದುಳಿಗೆ ಹೋಗಿ ಕರಗಿರಬೇಕು, ಈ ಸಲ ಬದುಕಿಕೊಂಡಿರಿ ಎಂದರು ಆಸ್ಪತ್ರೆಯ ಡಾಕ್ಟರು. ದಾರಿ ಅರ್ಧ ಕಿರಿದಾಗಿದೆಯಂತೆ. ತೀರ ಕಿರಿದಾಗಿದ್ದರೆ ಆಪರೇಷನ್ ಮಾಡಿ ಎಂದು ಖಂಡಿತವಾಗಿ ಹೇಳಬಹುದು, ಸ್ವಲ್ಪವೇ ಇದ್ದರೆ ಮಾತ್ರೆ ಸಾಕು ಎನ್ನಬಹುದು, ನಿಮ್ಮದು ಮಧ್ಯದಲ್ಲಿ ನಿಂತಿದೆ. ಮಧ್ಯದಲ್ಲಿ ನಿಲ್ಲುವ ವಿಷಯಗಳೆಂದರೆ ನನ್ನಂಥವನಿಗೆ ವಿಷ. ಅದರ ಮೇಲೆ ಅಲ್ಲಿನ ಸರ್ಜನ್, ಕುತ್ತಿಗೆಯ ಆಪರೇಷನ್ನಿನಲ್ಲಿ ಕೆಲವರಿಗೆ ದನಿ ಒಡೆಯುವುದುಂಟು, ಬಹಳ ಜನಕ್ಕೆ ಮತ್ತೆ ಸರಿಹೋಗುತ್ತದೆ, ಎಲ್ಲೋ ಒಬ್ಬಿಬ್ಬರಿಗೆ ಹಾಗೇ ಉಳಿಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನೀವು ಅಂಗಿ ಹಾಕಿಕೊಂಡು ಎದ್ದುಬಿಟ್ಟಿರಿ. "ನನಗೆ ಇರೋದು ಒಂದೇ ಗಂಟಲು ಡಾಕ್ಟ್ರೇ. ಅದನ್ನ ಹಿಡ್ಕೊಂಡೇ ಮನೆ ನಡೆಸಿದ್ದೀನಿ. ದನಿ ಹೋದ್ರೆ ನಾನು ಕೈಸನ್ನೆಯಲ್ಲಿ ಈರುಳ್ಳಿ ಮಾರ್ಲಾ?"

ಆಗಲೇ ಓದಿನ ಡಾಕ್ಟರಮ್ಮ ಸಿಕ್ಕಿದ್ದು. ಆ ಹೆಸರಿಟ್ಟವರೂ ನೀವೇ. ಇಷ್ಟು ಓದಿ ಡಾಕ್ಟರಾದ ಮೇಲೂ ಇನ್ನೂ ಏನನ್ನೋ ಓದುತ್ತಿದ್ದಾರಲ್ಲ ಎಂದು. ಅದೇ ಆಸ್ಪತ್ರೆಯಲ್ಲಿ ಅವರದು ಒಂದು ಅಧ್ಯಯನ ನಡೆಯುತ್ತಿತ್ತು, ಅದಕ್ಕೆ ನಿಮ್ಮಂಥ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದರು. ರಕ್ತನಾಳದ ಈ ಕೊಬ್ಬಿನ ಗಂಟಿಗೆ ಅವರು ಪ್ಲಾಕ್ ಅನ್ನುತ್ತಿದ್ದರು. "ಅದು ಎಷ್ಟು ದಪ್ಪ ಇದೆ ಅನ್ನೋದು ಅರ್ಧ ಮಾತು. ಒಳಗೆ ಏನಿದೆ, ಮೇಲಿನ ಪೊರೆ ಎಷ್ಟು ಗಟ್ಟಿ ಇದೆ ಅನ್ನೋದು ಇನ್ನರ್ಧ. ಒಳಗೆ ಮೆತ್ತಗಿನ ಕೊಬ್ಬು ತುಂಬಿ, ಮೇಲೆ ಪೊರೆ ತೆಳ್ಳಗಿದ್ರೆ ಅದು ಹರಿಯೋ ಥರದ್ದು. ಪೊರೆ ದಪ್ಪಗಿದ್ರೆ ಸುಮ್ಮನೆ ಬಿದ್ದಿರೋ ಥರದ್ದು. ಅದನ್ನ ಎಂ.ಆರ್.ಐ. ಯಂತ್ರದಲ್ಲಿ ಕೊಯ್ಯದೇ ನೋಡಬಹುದು" ಎಂದರು. ನನಗೆ ತಟ್ಟನೆ ಅರ್ಥವಾಯಿತು. ದಿನಾ ನೋಡುವುದೇ ಅದು. ಫೋಮ್ ಎಷ್ಟೇ ಉಬ್ಬಿರಲಿ, ಮೇಲಿನ ರೆಗ್ಜಿನ್ ಗಟ್ಟಿ ಇದ್ದರೆ ಸೋಫಾ ವರ್ಷಗಟ್ಟಲೆ ಬಾಳುತ್ತದೆ. ರೆಗ್ಜಿನ್ ಸವೆದರೆ ಒಂದು ದಿನ ಯಾರೋ ಕೂತಾಗ ಚರ್ರೆಂದು ಹೊಟ್ಟೆ ಹೊರಗೆ. ಅರ್ಥವಾದದ್ದರಿಂದ ನನಗೆ ಉಪಕಾರವೇನೂ ಆಗಲಿಲ್ಲ ಬಿಡಿ. ಆ ದಿನದಿಂದ ಅಂಗಡಿಯಲ್ಲಿ ಹರಿದ ಸೋಫಾ ಕಂಡಾಗಲೆಲ್ಲ ನಿಮ್ಮ ಕುತ್ತಿಗೆಯೇ ಕಾಣತೊಡಗಿತು.

ನೀವು ಒಪ್ಪಿದ್ದು ಕೊಯ್ಯದೇ ನೋಡುತ್ತಾರೆ ಎಂಬ ಒಂದು ಮಾತಿಗೆ. ಜೊತೆಗೆ, ಅದು ಹೇಗೆ ನೋಡುತ್ತದೆ ಎಂದು ಕೇಳಿದಿರಿ. ಡಾಕ್ಟರಮ್ಮ ಪಾಪ, ಬಿಡಿಸಿ ಹೇಳಿದರು: ಮೈಯೊಳಗಿನ ನೀರಿನ ಕಣಗಳೆಲ್ಲ ದೊಡ್ಡ ಅಯಸ್ಕಾಂತಕ್ಕೆ ಸಾಲಾಗಿ ನಿಲ್ಲುತ್ತವೆ, ಯಂತ್ರ ಅವನ್ನು ಒಂದು ಅಲೆಯಿಂದ ತಟ್ಟಿ ಎಬ್ಬಿಸುತ್ತದೆ, ಅವು ಮರಳಿ ದನಿ ಕೊಡುತ್ತವೆ, ರಕ್ತ ಒಂದು ಥರ, ಕೊಬ್ಬು ಒಂದು ಥರ, ಗಟ್ಟಿ ಪೊರೆ ಇನ್ನೊಂದು ಥರ. ಯಾವುದು ಎಲ್ಲಿಂದ ಎಷ್ಟು ಕೂಗಿತು ಎಂದು ಯಂತ್ರ ಗುರುತು ಹಾಕಿಕೊಂಡು ಚಿತ್ರ ಮಾಡುತ್ತದೆ. ನಿಮ್ಮ ಕಣ್ಣು ಅರಳಿದ್ದನ್ನು ನಾನು ನೋಡಿದೆ. "ಇದು ಹರಾಜೇ ಅಲ್ವೇನಮ್ಮ! ಎಲ್ಲರೂ ಸಾಲಾಗಿ ನಿಂತು ಕೂಗ್ತಾರೆ, ಒಬ್ಬ ನಿಂತು ಯಾರು ಎಷ್ಟು ಅಂದ್ರು ಅಂತ ಹಿಡೀತಾನೆ!" ಡಾಕ್ಟರಮ್ಮ ನಕ್ಕು ಹೂಂ ಅಂದರು. ಆ ಹೂಂ ಅಂದದ್ದೇ ಎಡವಟ್ಟಾಯಿತು.

ಸ್ಕ್ಯಾನಿನ ದಿನ ನನ್ನ ಅವಸ್ಥೆ ನಿಮಗೆ ಪೂರ್ತಿ ಗೊತ್ತಿಲ್ಲ. ಆ ಕೋಣೆಯ ಬಾಗಿಲಲ್ಲಿ ಕಬ್ಬಿಣದ ವಸ್ತು ಒಯ್ಯಬೇಡಿ ಎಂದು ಬರೆದಿತ್ತು. ನಾನು ಬಾಲ್ಯದಿಂದ ಸಣ್ಣ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಕೆಲಸ ಮಾಡಿದವನು. ನಾಲಗೆಯ ತುದಿಯಿಂದ ಒಂದೊಂದೇ ಮೊಳೆ ಮುಂದೆ ಬರಬೇಕು, ಅಯಸ್ಕಾಂತದ ಸುತ್ತಿಗೆ ಅದನ್ನು ಎತ್ತಿಕೊಳ್ಳಬೇಕು. ಯಾವತ್ತಾದರೂ ಒಂದು ಮೊಳೆ ನುಂಗಿದ್ದೇನೆಯೇ ಎಂದು ಯೋಚಿಸಿದೆ. ನುಂಗಿದ್ದೇನೆ ಎಂದೇ ಅನ್ನಿಸಿತು. ಜೇಬುಗಳನ್ನೆಲ್ಲ ತಿರುವಿ ಹಾಕಿ, ಬೆಲ್ಟು ಬಿಚ್ಚಿ ಅಕ್ಕನ ಕೈಗೆ ಕೊಟ್ಟು, ಪ್ಯಾಂಟು ಹಿಡಿದುಕೊಂಡು ಹಿಂದಕ್ಕೆ ಸರಿಯುತ್ತ ಸರಿಯುತ್ತ ಮೆಟ್ಟಿಲ ತನಕ ಹೋದೆ. ಯಂತ್ರ ನಡೆಸುವ ಆಪರೇಟರು, ನೀವು ಮೆಷಿನ್ ಮೇಷ್ಟ್ರು ಎಂದು ಕರೆದವರು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಸ್ಕ್ಯಾನು ನಿಮಗಲ್ಲ ಸ್ವಾಮಿ, ಅವರಿಗೆ" ಎಂದರು. "ಗೊತ್ತು, ಆದ್ರೂ ಒಂದು ಮೊಳೆ…" ಎಂದೆ. "ನೀವು ಒಳಗೇ ಬರಲ್ವಲ್ಲ" ಎಂದರು. ಅಕ್ಕ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. ನಿಮ್ಮ ವಿಷಯ ಕೇಳಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಅದಕ್ಕೆ ನಾನು ಮೊಳೆಯ ವಿಷಯವನ್ನು ಇನ್ನೂ ಸ್ವಲ್ಪ ಬೆಳೆಸಿದೆ.

ಮೇಷ್ಟ್ರು ನಿಮಗೆ ಸ್ಪಷ್ಟವಾಗಿ ಹೇಳಿದ್ದರು. ಸದ್ದು ಬರುತ್ತಿರುವಾಗ ಅಲ್ಲಾಡಬಾರದು, ಮಾತಾಡಬಾರದು, ಉಗುಳು ಕೂಡ ನುಂಗಬಾರದು. ಸದ್ದು ನಿಂತಾಗ ನುಂಗಿಕೊಳ್ಳಿ. ರಕ್ತನಾಳದ ಗೋಡೆಯೇ ಅಷ್ಟು ಸಣ್ಣದು, ಗಂಟಲು ಒಂಚೂರು ಏರಿಳಿದರೂ ಚಿತ್ರ ಕಲಸಿಹೋಗುತ್ತದೆ. ನೀವು ಎಲ್ಲದಕ್ಕೂ ತಲೆಯಾಡಿಸಿ ಒಳಗೆ ಹೋದಿರಿ. ಗೋಡೆಯಾಚೆಯಿಂದ ಡಬಡಬ ಎಂದು ಸದ್ದು ಶುರುವಾಯಿತು. ನಾನು ಬೆಲ್ಟಿಲ್ಲದ ಪ್ಯಾಂಟು ಹಿಡಿದು ನಿಂತಿದ್ದೆ.

ಹೊರಗೆ ಬಂದ ಮೇಷ್ಟ್ರ ಮುಖ ಗಂಟಿಕ್ಕಿಕೊಂಡಿತ್ತು. ಮುಗಿಯಿತು, ಹರಿಯುವ ಥರದ್ದೇ ಇರಬೇಕು ಎಂದುಕೊಂಡೆ. ಅವರು ಕೇಳಿದ್ದು ಬೇರೆಯೇ. "ಇವರು ಒಳಗೆ ಯಾರ ಜೊತೆ ಮಾತಾಡ್ತಿದ್ರು?"

ನೀವು ಹರಾಜು ಕೂಗಿದ್ದಿರಿ! ಗಟ್ಟಿಯಾಗಿ ಅಲ್ಲ, ತುಟಿಯೊಳಗೇ. ಯಂತ್ರ ತಾಳ ಹಾಕಿದ ಹಾಗೆ ಬಡಿಯುತ್ತಿತ್ತಂತೆ, ಅದು ಬಡಿದ ಹಾಗೆ ನಿಮ್ಮ ನಾಲಗೆ ತಾನೇ ತಾನಾಗಿ ಶುರು ಮಾಡಿತಂತೆ. "ನಾನೇನು ಮಾಡ್ಲೋ? ಅದು ಅಷ್ಟು ಚೆನ್ನಾಗಿ ಬೆಲೆ ಏರಿಸ್ತಾ ಇತ್ತು. ಒಂದ್ಸಲ, ಎರಡ್ಸಲ ಅಂದೆ. ಮೂರ್ಸಲ ಅನ್ನೋಕೆ ಮುಂಚೆ ಮತ್ತೆ ಜೋರಾಗೋದು. ಬಿಟ್ಟುಕೊಡೋಕೆ ಮನಸ್ಸೇ ಬರ್ಲಿಲ್ಲ." ಚಿತ್ರದಲ್ಲಿ ನಿಮ್ಮ ಕುತ್ತಿಗೆ ಒಂದರ ಮೇಲೊಂದು ಬಿದ್ದ ನೆರಳುಗಳ ಹಾಗೆ ಕಾಣುತ್ತಿತ್ತು. ರಕ್ತನಾಳ ಎಲ್ಲಿ, ಪೊರೆ ಎಲ್ಲಿ, ಒಂದೂ ಗೊತ್ತಾಗುವಂತಿರಲಿಲ್ಲ. ಅಕ್ಕ ಅಲ್ಲೇ ಹೇಳಿದಳು: "ಮದುವೆಯಾದಾಗಿಂದ ಬಾಯಿ ಮುಚ್ಚಿ ಅಂತ ಹೇಳ್ತಾ ಇದ್ದೀನಿ. ನನ್ನ ಮಾತಿಗಂತೂ ಬೆಲೆ ಇಲ್ಲ. ಅಷ್ಟು ದೊಡ್ಡ ಮೆಷಿನ್ ಮಾತಿಗಾದ್ರೂ ಬೇಡ್ವಾ?"

ಆದರೆ ಡಾಕ್ಟರಮ್ಮ ನಗಲಿಲ್ಲ. ಇನ್ನೊಂದು ಸಲ ಮಾತ್ರ ಅವಕಾಶ ಕೊಡಬಹುದು, ಆಗಲೂ ಚಿತ್ರ ಕೆಟ್ಟರೆ ಅಧ್ಯಯನದಿಂದ ಕೈಬಿಡಬೇಕಾಗುತ್ತದೆ, ಆಮೇಲೆ ಆಪರೇಷನ್ ಬೇಕೋ ಬೇಡವೋ ಎನ್ನುವುದನ್ನು ಕತ್ತಲಲ್ಲೇ ತೀರ್ಮಾನ ಮಾಡಬೇಕಾಗುತ್ತದೆ ಎಂದರು. ಆಗ ನಿಮ್ಮ ಮುಖದಲ್ಲಿ ಒಂದು ಕ್ಷಣ ಕಂಡದ್ದನ್ನು ನಾನು ಯಾರಿಗೂ ಹೇಳಿಲ್ಲ. ಅದು ಭಯ. ನನಗೆ ಚೆನ್ನಾಗಿ ಗುರುತಿದೆ, ನನ್ನ ಮನೆಯಲ್ಲೇ ಬೆಳೆದದ್ದು. ನಿಮ್ಮ ಮುಖದ ಮೇಲೆ ಮಾತ್ರ ಅದನ್ನು ಯಾವತ್ತೂ ನೋಡಿರಲಿಲ್ಲ. ನೀವು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಿರಿ, "ಸುಮ್ನೆ ಮಲಗೋದು ಹೇಗೋ?"

ಭಾವ, ನನ್ನನ್ನು ಯಾರೂ ಯಾವುದನ್ನೂ ಹೇಗೆ ಮಾಡುವುದು ಎಂದು ಕೇಳಿದವರಲ್ಲ. ಅದರಲ್ಲೂ ನೀವು! ಆದರೆ ಈ ಒಂದು ವಿದ್ಯೆ ನನಗೆ ಬರುತ್ತಿತ್ತು. ಚಿಂತೆಯಿಂದ ನಿದ್ದೆ ಬಾರದವನು ಹೆಂಡತಿಗೆ ಎಚ್ಚರವಾಗದಿರಲಿ ಎಂದು ಮರದ ತುಂಡಿನ ಹಾಗೆ ಮಲಗುವುದನ್ನು ಕಲಿತಿರುತ್ತಾನೆ. ಅದರಲ್ಲಿ ನನ್ನಷ್ಟು ಪಳಗಿದವರು ನಮ್ಮ ಬಳಗದಲ್ಲಿ ಇಲ್ಲ.

ಹಾಗೆ ನಮ್ಮ ಅಂಗಡಿಯಲ್ಲಿ ಅಭ್ಯಾಸ ಶುರುವಾಯಿತು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಕೆಳಗೆ ಹಾಸಿಗೆ ಹಾಕಿ, ಎರಡೂ ಪಕ್ಕಕ್ಕೆ ಫೋಮಿನ ಸುರುಳಿಗಳನ್ನು ನಿಲ್ಲಿಸಿ, ನಡುವೆ ನಿಮ್ಮನ್ನು ತೂರಿಸಿದೆವು. ಮುಖದ ಮೇಲೆ ಪ್ಲಾಸ್ಟಿಕ್ ಬುಟ್ಟಿ ಬೋರಲು. ನಾನು ಡಬ್ಬದ ಮುಚ್ಚಳ ಬಡಿಯುವವನು. ಅಕ್ಕ ಟಾರ್ಚು ಬಿಟ್ಟುಕೊಂಡು ನಿಮ್ಮ ಗಂಟಲು ಕಾಯುವವಳು. "ಅಲ್ಲಾಡ್ತು! ಅಲ್ಲಾಡ್ತು! ಈಗ ಉಗುಳು ನುಂಗಿದ್ರು!" ಬುಟ್ಟಿಯ ಕೆಳಗಿನಿಂದ ನೀವು, "ನೀನು ಹಂಗೆ ಕಿರುಚಿದ್ರೆ ನುಂಗದೆ ಇನ್ನೇನೇ ಮಾಡ್ಲಿ?" ಅದೇ ಹೊತ್ತಿಗೆ ಸೋಫಾ ತೆಗೆದುಕೊಂಡು ಹೋಗಲು ಬಂದ ಆ ದಪ್ಪ ಮೀಸೆಯ ಗಿರಾಕಿ, ಮೇಜಿನ ಕೆಳಗಿನಿಂದ ಚಾಚಿಕೊಂಡ ಎರಡು ಕಾಲು ನೋಡಿ, ಗಂಭೀರವಾಗಿ ಕೇಳಿದ: "ಇವರನ್ನೂ ರಿಪೇರಿಗೆ ಬಿಟ್ಟಿದ್ದಾರಾ?" ಅಕ್ಕ ಟಾರ್ಚು ಆರಿಸದೆಯೇ ತಿರುಗಿ, "ಹೂಂ, ವಾಪಸ್ ತಗೊಂಡು ಹೋಗೋದು ಬೇಕಾ ಅಂತ ಯೋಚನೆ ಮಾಡ್ತಿದ್ದೀನಿ" ಎಂದಳು. ಆ ದಿನ ಅಭ್ಯಾಸ ಅಷ್ಟಕ್ಕೇ ಮುಗಿಯಿತು. ನಕ್ಕ ರಭಸಕ್ಕೆ ಫೋಮಿನ ಸುರುಳಿಗಳು ಉರುಳಿ ನಿಮ್ಮನ್ನು ಎಳೆದು ತೆಗೆಯಬೇಕಾಯಿತು.

ನನ್ನ ಉಪಾಯ ನಿಮಗೆ ಮೊದಮೊದಲು ಹಿಡಿಯಲಿಲ್ಲ. ನಾನು ಅಲ್ಲಾಡದೆ ಮಲಗಿದಾಗ ಮನಸ್ಸಿನಲ್ಲೇ ಒಂದು ಸೋಫಾ ಬಿಚ್ಚುತ್ತೇನೆ, ಒಂದೊಂದೇ ಮೊಳೆ ಕೀಳುತ್ತೇನೆ. ನೀವೂ ಹಾಗೇ ಏನಾದರೂ ನೆನೆಸಿಕೊಳ್ಳಿ ಎಂದರೆ, ನೀವು ನೆನೆಸಿಕೊಳ್ಳುವುದೆಲ್ಲ ನಾಲಗೆಯ ಮೇಲೇ ಬರುತ್ತಿತ್ತು. ಡಬ್ಬ ಬಡಿದೆನೋ ಇಲ್ಲವೋ, ಬುಟ್ಟಿಯೊಳಗೆ ತುಟಿ ಆಡುತ್ತಿತ್ತು. ನನಗೂ ಕೋಪ ಬಂತು. ನಿಮ್ಮ ಮೇಲೆ ನನಗೆ ಕೋಪ ಬಂದದ್ದು ಅದೇ ಮೊದಲು ಇರಬೇಕು. "ಹರಾಜು ಅಂದ್ರೆ ಕೂಗೋನು ಒಬ್ಬನೇನಾ ಭಾವ? ಅಲ್ಲಿ ಬಾಯಿ ಬಿಗಿದುಕೊಂಡು ನಿಂತಿರ್ತಾರಲ್ಲ, ಮಾಲು ತಂದೋರು, ಬೆಲೆ ಎಷ್ಟಕ್ಕೆ ನಿಲ್ಲುತ್ತೋ ಅಂತ ಉಸಿರು ಹಿಡ್ಕೊಂಡು? ಒಂದು ದಿನ ಅವರಲ್ಲಿ ಒಬ್ಬರಾಗಿ ನಿಂತು ಕೇಳಿ!" ಎಂದುಬಿಟ್ಟೆ. ಬುಟ್ಟಿಯ ಕೆಳಗೆ ಸದ್ದಿಲ್ಲ. ನಾನು ಹೆದರಿ ಬುಟ್ಟಿ ಎತ್ತಿ ನೋಡಿದೆ. ನೀವು ಕಣ್ಣು ಬಿಟ್ಟುಕೊಂಡು ಮೇಜಿನ ತಳಭಾಗವನ್ನು ನೋಡುತ್ತಿದ್ದಿರಿ. "ಬಡಿ" ಎಂದಿರಿ. ಬಡಿದೆ. ಅಕ್ಕನ ಟಾರ್ಚಿನ ಬೆಳಕಿನಲ್ಲಿ ನಿಮ್ಮ ಗಂಟಲು ಕಲ್ಲಿನ ಹಾಗಿತ್ತು.

ಎರಡನೇ ಸಲ ಯಂತ್ರದಿಂದ ಹೊರಬಂದಾಗ ಮೇಷ್ಟ್ರು ಹೆಬ್ಬೆರಳು ಎತ್ತಿ ತೋರಿಸಿದರು. ನೀವು ಹೇಳಿದ ಮಾತು: "ನಾನು ಕೂಗೋದನ್ನ ನಾನೇ ನಿಂತು ಕೇಳ್ದೆ ಕಣೋ. ಪರವಾಗಿಲ್ಲ, ಚೆನ್ನಾಗೇ ಕೂಗ್ತೀನಿ!"

ಆ ಚಿತ್ರವನ್ನು ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಕುತ್ತಿಗೆಯನ್ನು ತೆಳ್ಳಗೆ ಅಡ್ಡ ಕೊಯ್ದ ಹಾಗೆ ಒಂದೊಂದೇ ಪದರ. ನಡುವೆ ರಕ್ತ ಹರಿಯುವ ಕಪ್ಪು ಕಿಂಡಿ, ಸುತ್ತ ಬೂದು ಗೋಡೆ, ಗೋಡೆಯ ಒಂದು ಕಡೆ ಉಬ್ಬು. ಒಳಗೆ ಮೆತ್ತಗಿನ ಕೊಬ್ಬು ಇದೆ ಎಂದರು. ಆದರೆ ಪೊರೆ ಎಲ್ಲೂ ಹರಿದಿಲ್ಲ, ಒಳಗೆ ರಕ್ತ ಒಸರಿಲ್ಲ, ಪೊರೆ ತೆಳ್ಳಗಿದ್ದರೂ ಒಂದೇ ಸಮ ಇದೆ. ಸರ್ಜನ್ನನ್ನೂ ಕೂರಿಸಿಕೊಂಡು ಮಾತಾಡಿ, ಈಗಲೇ ಕತ್ತಿ ಬೇಡ, ಮಾತ್ರೆ ತಪ್ಪಿಸದೆ ನುಂಗಿ, ಬೀಡಿ ಬಿಡಿ, ನಡೆಯಿರಿ, ವರ್ಷದ ಮೇಲೆ ಮತ್ತೆ ಇದೇ ಯಂತ್ರದಲ್ಲಿ ನೋಡೋಣ, ಗಂಟು ಹಿಗ್ಗಿದ್ದರೆ ಆಗ ಆಪರೇಷನ್ನಿನ ಮಾತು ಎಂದರು.

ಆ ವರ್ಷ ಹೇಗೆ ಕಳೆಯಿತು ಎಂದು ನಿಮ್ಮನ್ನು ಕೇಳಿದರೆ ಹಾಯಾಗಿ ಎನ್ನುತ್ತೀರಿ. ನನ್ನನ್ನು ಕೇಳಿ. ನೀವು ಬೀಡಿ ಬಿಟ್ಟದ್ದನ್ನು ಊರಿಗೆಲ್ಲ ಕೂಗಿ ಹೇಳಿದಿರಿ. ಅಕ್ಕ ಎಣ್ಣೆಯ ಡಬ್ಬವನ್ನು ನಿಮ್ಮ ಕೈಗೆಟುಕದ ಕಡೆ ಇಟ್ಟು ಕೊನೆಗೆ ತನಗೇ ಎಟುಕದೆ ನನ್ನನ್ನು ಕರೆಸಿದಳು. ಬೆಳಗಿನ ನಡಿಗೆಗೆ ನಿಮ್ಮ ಜೊತೆ ನಾನು. ನೀವು ದಾರಿಯುದ್ದಕ್ಕೂ ಕಥೆ ಹೇಳುತ್ತಿದ್ದಿರಿ, ನಾನು ಕಥೆ ಕೇಳುವ ನೆಪದಲ್ಲಿ ನಿಮ್ಮ ಬಾಯಿಯ ಎರಡೂ ಮೂಲೆ ಸಮನಾಗಿ ಏಳುತ್ತಿವೆಯೇ ಎಂದು ನೋಡುತ್ತಿದ್ದೆ. ನಿಮಗೆ ಅದು ಗೊತ್ತಿತ್ತು. ಒಂದು ದಿನ ಬೇಕೆಂದೇ ಬಾಯಿ ಸೊಟ್ಟ ಮಾಡಿದಿರಿ. ನಾನು ಚರಂಡಿಗೆ ಬಿದ್ದೆ. ಎತ್ತಲು ಕೈಚಾಚಿ, "ಆಯ್ತು ಮಾರಾಯ, ಇನ್ನು ಈ ತಮಾಷೆ ಮಾಡಲ್ಲ" ಎಂದಿರಿ, ಮತ್ತೆ ಮಾಡಲಿಲ್ಲ. ಹಾಗೆ ನೋಡಿದರೆ, ನೀವು ನನ್ನ ಭಯವನ್ನು ಎಷ್ಟು ಗೇಲಿ ಮಾಡಿದ್ದೀರೋ ಲೆಕ್ಕವಿಲ್ಲ, ಆದರೆ ಅದು ಸುಳ್ಳು ಎಂದು ಒಂದು ದಿನವೂ ಅನ್ನಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿದರೆ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಕೊನೆಯ ಸಲ ಶಾಲೆ ಬಿಟ್ಟು ಬಂದಾಗ ಮನೆಯವರೆಲ್ಲ ಬೈದರು. ಆಗಷ್ಟೇ ಅಕ್ಕನನ್ನು ಮದುವೆಯಾಗಿದ್ದ ನೀವು ಮಾತ್ರ, "ಇವನಿಗೆ ಯಾರೂ ಎದ್ದು ನಿಲ್ಲು ಅನ್ನದ ಕೆಲಸ ಹುಡುಕೋಣ" ಎಂದು ಕೈಹಿಡಿದು ಸೋಫಾ ಅಂಗಡಿಯಲ್ಲಿ ಕೂರಿಸಿ ಬಂದಿರಿ. ಕೂತು ಮಾಡುವ ಕೆಲಸ, ಕೂರುವ ವಸ್ತುವಿನದೇ ಕೆಲಸ. ನನ್ನ ಬದುಕು ಅಲ್ಲಿಂದ ಸಸೂತ್ರವಾಯಿತು. ಈ ಮಾತನ್ನು ನಿಮಗೆ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದೇನೋ. ಒಂದೋ ಬಾಯಲ್ಲಿ ಮೊಳೆ ಇರುತ್ತಿತ್ತು, ಇಲ್ಲವೇ ನೀವು ಮಾತಾಡುತ್ತಿರುತ್ತಿದ್ದಿರಿ.

ಮೊನ್ನೆಗೆ ವರ್ಷ ತುಂಬಿತು. ಯಂತ್ರದ ಕೆಲಸ ಸಲೀಸಾಗಿ ಮುಗಿಯಿತು. ಅಕ್ಕ ಬರಲಾರೆ, ಅಲ್ಲಿ ಕೂತು ಕಾಯುವ ಶಕ್ತಿ ನನಗಿಲ್ಲ ಎಂದು ಮನೆಯಲ್ಲೇ ಉಳಿದಿದ್ದಳು. ಫಲಿತಾಂಶಕ್ಕೆ ಕರೆದಾಗ ಡಾಕ್ಟರಮ್ಮ ಹೋದ ವರ್ಷದ ಚಿತ್ರ ಮತ್ತು ಈ ವರ್ಷದ ಚಿತ್ರ ಪಕ್ಕಪಕ್ಕ ಇಟ್ಟರು. ನಾನು ಅವರ ಮುಖ ನೋಡುತ್ತಿದ್ದೆ, ಪರದೆ ನೋಡುವ ಧೈರ್ಯವಿರಲಿಲ್ಲ. "ಒಳಗಿನ ಕೊಬ್ಬು ಕುಗ್ಗಿದೆ. ಮೇಲಿನ ಪೊರೆ ದಪ್ಪ ಆಗಿದೆ. ಮಾತ್ರೆ ಬಿಡೋ ಹಾಗಿಲ್ಲ, ಆದ್ರೆ ಆಪರೇಷನ್ ಬೇಕಾಗಿಲ್ಲ. ಇಷ್ಟು ಚೆಂದದ ಎರಡು ಚಿತ್ರ ನನಗೆ ಯಾರದ್ದೂ ಸಿಕ್ಕಿಲ್ಲ. ನಿಮ್ಮ ಗಂಟಲು ತುಂಬ ಉಪಕಾರ ಮಾಡಿದೆ" ಎಂದರು.

ನಾನು ನಿಮ್ಮ ಮಾತಿಗೆ ಕಾದೆ. ಒಳ್ಳೆಯ ಸುದ್ದಿ ಕೇಳಿದರೆ ನೀವು ಮೇಜು ಗುದ್ದುತ್ತೀರಿ, ಕೂಗುತ್ತೀರಿ, ಎದುರಿದ್ದವರ ಬೆನ್ನು ಮುರಿಯುತ್ತೀರಿ. ನೀವು ಸುಮ್ಮನಿದ್ದಿರಿ. ಎದ್ದು ಕೈಮುಗಿದು, ಸುಮ್ಮನೆ ಹೊರಗೆ ಬಂದಿರಿ. ಹೊರಗಿನ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿರಿ. "ಭಾವ?" ಎಂದೆ. ಮಾತಿಲ್ಲ. "ಭಾವ, ಏನಾದ್ರೂ ಹೇಳಿ." ಇಲ್ಲ. ನಿಮ್ಮ ತುಟಿ ನಡುಗಿ ಒಂದು ಕಡೆ ಎಳೆದ ಹಾಗಾಯಿತು.

ಇಷ್ಟೆಲ್ಲ ಗೆದ್ದು ಬಾಗಿಲಲ್ಲಿ ಎಡವಿದೆವಲ್ಲ ಎಂದುಕೊಂಡೆ. "ಕೈ ಎತ್ತಿ ಭಾವ, ಎರಡೂ ಕೈ ಎತ್ತಿ! ನಗಿ! ನಗಿ ಅಂದ್ನಲ್ಲ!" ಎಂದು ಕಿರುಚಿದೆ, ಪಾರ್ಶ್ವವಾಯುವಿನ ಗುರುತು ಹಿಡಿಯಲು ಡಾಕ್ಟರಮ್ಮ ಹೇಳಿಕೊಟ್ಟಿದ್ದ ಹಾಗೆ. ಡಾಕ್ಟರಮ್ಮ ಓಡಿಬಂದರು, ಮೆಷಿನ್ ಮೇಷ್ಟ್ರು ಓಡಿಬಂದರು, ಗಾಲಿಕುರ್ಚಿ ತಳ್ಳಿಕೊಂಡು ಇನ್ನೊಬ್ಬರು ಓಡಿಬಂದರು. ನೀವು ಪೊಲೀಸರಿಗೆ ಸಿಕ್ಕವರ ಹಾಗೆ ಎರಡೂ ಕೈ ಮೇಲೆತ್ತಿ ನಿಂತಿರಿ. ಕಣ್ಣಿಂದ ನೀರು ಧಾರೆ.

"ಮಾತಾಡಿದ್ರೆ ಅತ್ತುಬಿಡ್ತೀನಿ ಅಂತ ಸುಮ್ನಿದ್ದೆ ಕಣೋ," ಎಂದಿರಿ ಕೊನೆಗೆ. "ಮಾನವಾಗಿ ಒಂದು ಮೂಲೆಯಲ್ಲಿ ಅತ್ತು ಮುಗಿಸೋಣ ಅಂದ್ರೆ ಊರನ್ನೇ ಸೇರಿಸಿದ್ಯಲ್ಲೋ!"

ಮತ್ತೆ ಅಲ್ಲೇ ಜೋರಾಗಿ ಅತ್ತಿರಿ. ನಿಮ್ಮ ಅಳು ಕೂಡ ಆ ಕಾರಿಡಾರಿನ ತುದಿಯ ತನಕ ಕೇಳಿಸಿತು. ನಾನೂ ಅತ್ತೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಗಾಲಿಕುರ್ಚಿಯವರು ಯಾರನ್ನು ಕೂರಿಸಬೇಕು ಎಂದು ಒಬ್ಬರಾದ ಮೇಲೊಬ್ಬರ ಮುಖ ನೋಡಿ, ಕೊನೆಗೆ ನನ್ನನ್ನು ಕೂರಿಸಿ ನೀರು ಕೊಟ್ಟರು. ನೀವು ಫೋನು ಹಿಡಿದು ಅಕ್ಕನಿಗೆ, "ನಾನು ನಿನಗೇ ಖಾಯಂ ಆದೆ ಕಣೇ, ವಾಪಸ್ ತಗೊಳ್ಳಲ್ವಂತೆ" ಎಂದಿರಿ. ಆ ಕಡೆಯಿಂದ ಅಕ್ಕ ಏನಂದಳೋ, ನೀವು ಬಹಳ ಹೊತ್ತು ಹೂಂ ಹೂಂ ಎನ್ನುತ್ತ ಗೋಡೆಗೆ ಹಣೆ ಒರಗಿಸಿ ನಿಂತಿದ್ದಿರಿ. ನಾನು ಆ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ನೀವು ಮತ್ತೆ ನೀವಾದಿರಿ. ಮುಂದಿನ ಸೀಟಿನವರಿಗೆ ನಿಮ್ಮ ರಕ್ತನಾಳದ ವರ್ಣನೆ, ಹಿಂದಿನ ಸೀಟಿನವರಿಗೆ ಯಂತ್ರದ ವರ್ಣನೆ. ಯಾವಾಗಲೂ ನಿಮ್ಮ ತೋಳು ಹಿಡಿದು ಮೆಲ್ಲಗೆ ಭಾವ, ಮೆಲ್ಲಗೆ ಎನ್ನುವ ನಾನು ಆ ದಿನ ಅನ್ನಲಿಲ್ಲ. ಅನ್ನದಿರುವುದು ಹೋಗಲಿ, ಅಪರಿಚಿತರ ಎದುರು ಬಾಯಿ ಬಿಡದ ನಾನು, "ಪೊರೆ ದಪ್ಪ ಆಗಿದೆ, ಅದನ್ನೂ ಹೇಳಿ" ಎಂದು ನಡುವೆ ಬಾಯಿ ಹಾಕಿದೆ. ಹೇಳಿದ್ದಷ್ಟೇ ಅಲ್ಲ, ಎದ್ದು ನಿಂತು ಕೈಬೆರಳಿನಲ್ಲಿ ಎಷ್ಟು ದಪ್ಪ ಎಂದು ತೋರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡ ಪಕ್ಕದ ಸೀಟಿನ ಅಜ್ಜಿ, ಒಮ್ಮೆ ನಿಮ್ಮನ್ನೂ ಒಮ್ಮೆ ನನ್ನನ್ನೂ ನೋಡಿ, "ಒಳ್ಳೇದಾಯ್ತಪ್ಪ. ನಿಮ್ಮಿಬ್ಬರಲ್ಲಿ ಕಾಯಿಲೆ ಇದ್ದದ್ದು ಯಾರಿಗೆ?" ಎಂದು ಕೇಳಿದರು.

ಇಬ್ಬರೂ ಒಟ್ಟಿಗೇ ಬೆರಳು ತೋರಿಸಿದೆವು. ನೀವು ನನ್ನ ಕಡೆಗೆ, ನಾನು ನಿಮ್ಮ ಕಡೆಗೆ.

ಇಡೀ ಬಸ್ಸು ನಕ್ಕಿತು ಭಾವ. ನಾನು ಆ ನಗೆಯ ನಡುವೆ ನಿಂತೇ ಇದ್ದೆ, ಕಣ್ಣು ಕತ್ತಲೆ ಬರಲಿಲ್ಲ.

ನೀವು ನೂರು ಕಾಲ ಕೂಗುತ್ತಿರಿ, ನಮ್ಮ ಅಕ್ಕ ನೂರು ಕಾಲ ನಿಮ್ಮ ಬಾಯಿ ಮುಚ್ಚಿಸುತ್ತಿರಲಿ, ನೀವು ಮುಚ್ಚದೇ ಇರಿ. ಮಾತ್ರೆ ಮರೆಯಬೇಡಿ. ಸಂಜೆ ಬರುತ್ತೇನೆ, ಈ ಕಾಗದದ ವಿಷಯ ನೀವೂ ಎತ್ತಬೇಡಿ, ನಾನೂ ಎತ್ತುವುದಿಲ್ಲ.

ಇಂತಿ ನಿಮ್ಮ ಹೆಗಲ ಏಟಿಗೆ ಋಣಿಯಾದ,
ಗಾಬರಿ